ಸಿಂಗಾಪುರದ ಲೆನ್ಸು

ಮಂಗಳವಾರ ಬಸ್ ನಿಲ್ದಾಣದಲ್ಲಿ ಚಹಾ ಕುಡಿದು ತಿರುಗುವಷ್ಟರಲ್ಲಿ ಮದುವೆ ಫೋಟೋಗ್ರಾಫರ್ ಕೊಟ್ರೇಶಿಯ ಲೆನ್ಸುಗಳಿದ್ದ ಬ್ಯಾಗು ಮಾಯವಾಗಿತ್ತು. ಭಾನುವಾರದ ಮದುವೆಯೊಂದರ ಫೋಟೋ ಕೆಲಸ ಒಪ್ಪಿಕೊಂಡಿದ್ದ. ಬೇರೆ ಲೆನ್ಸು ಆರಿಸಲು ಪೇಟೆಯ ಕ್ಯಾಮೆರಾ ಅಂಗಡಿಗೆ ಹೋದ.

ಸಾಹುಕಾರ ಮೂರು ಲೆನ್ಸು ಮುಂದಿಟ್ಟ. ಮೂರನೆಯದನ್ನು ಕಂಡು ಕೊಟ್ರೇಶಿಗೆ ಗುಮಾನಿ ಬಂತು.

"ಇದು ಎಲ್ಲೀದು ಸಾಹುಕಾರ್ರೇ?"

"ಸಿಂಗಾಪುರದ್ದು. ಈ ದೇಶದಲ್ಲಿ ಇನ್ನೂ ಯಾರೂ ಬಳಸಿಲ್ಲ. ತಗೊಳ್ಳೋದಾದ್ರೆ ತಗೋ, ಸುಮ್ನೆ ತಿರುಗಿಸಿ ನೋಡ್ಬೇಡ!"

"ಹಂಗಂತ ಬರೆದುಕೊಡ್ರಿ. ನಮ್ಮನೆಯಾಕೆ ನಂಬಲ್ಲ."

ಸಾಹುಕಾರ ಗತ್ತಿನಿಂದ ಬರೆದು ಮೊಹರು ಒತ್ತಿಕೊಟ್ಟ. ಚೀಟಿಯನ್ನು ಜೇಬಿಗಿಳಿಸಿ ಕೊಟ್ರೇಶಿ ಲೆನ್ಸಿನ ಉಂಗುರದ ಸಂದನ್ನು ಬ್ರಷ್ಷಿನಿಂದ ಕೆರೆದ. ಮೇಜಿನ ಮೇಲೆ ಕುಂಕುಮ ಉದುರಿತು.

"ಆಯುಧಪೂಜೆಗೆ ನನ್ನ ಹೆಂಡತಿ ಹಚ್ಚಿದ್ದು. ಸಿಂಗಾಪುರದಾಗೂ ಹಚ್ತಾರೇನ್ರಿ? ನಿಮ್ಮ ಚೀಟಿ ತೋರಿಸಿ ಠಾಣೆಯಾಗೆ ಕೇಳೋಣ ಬರ್ರಿ."

ಸಾಹುಕಾರ ಬೆವರು ಒರೆಸಿಕೊಂಡು, "ಕೂತ್ಕೊಳ್ಳಿ ಸಾರ್" ಎಂದ.

ಆಮೇಲೆ ಒಳಕೋಣೆಯಿಂದ ಬ್ಯಾಗನ್ನೂ ತಂದಿಟ್ಟ.