ಹಿರಿಯಕ್ಕ ಮುಚ್ಚಿಕೊಂಡ ಸಂಜೆ

“ನೋಡು ಪೂರ್ವಿ, ನಾನು ಹೇಳೋದು ಚೆನ್ನಾಗಿರಲ್ಲ. ಮೊದಲೇ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡ,” ಎಂದರು ಶಿವನಂಜಯ್ಯ ತಾತ. “ಕಥೆ ಹೇಳೋದು ನಿಮ್ಮಜ್ಜಿ ಕೆಲಸ. ನಂದು ನೀರು ಹಾಕೋದು, ಗೊಬ್ಬರ ಹಾಕೋದು. ಈ ಕಥೇನೂ ಅವಳದೇ. ಅವಳು ಹೇಳುವಾಗ ನಾನು ಅರ್ಧಂಬರ್ಧ ಕೇಳಿಸ್ಕೊಂಡಿದ್ದು.”

ಪೂರ್ವಿ ಮುಖ ತಿರುಗಿಸಿಕೊಂಡು ಕೂತಿದ್ದಳು. ಅವಳ ಮುಂದೆ ಡೇಲಿಲಿಯ ಕುಂಡ ಇತ್ತು. ಕುಂಡದಲ್ಲಿ ಹುಲ್ಲಿನಂಥ ಉದ್ದನೆಯ ಎಲೆಗಳು, ಎಲೆಗಳ ನಡುವೆ ಒಂದು ದಂಟು. ದಂಟು ಎಂದರೆ ಹೂವನ್ನು ಮೇಲೆ ಎತ್ತಿ ಹಿಡಿಯುವ ಕಡ್ಡಿ. ಅದರ ತುದಿಯಲ್ಲಿ ನಿನ್ನೆ ಅರಳಿದ ಹೂವು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಅದರ ಪಕ್ಕದಲ್ಲಿ ಇವತ್ತು ಇನ್ನೊಂದು ಅರಳಿತ್ತು. ಆದರೆ ಪೂರ್ವಿಗೆ ಬೇಕಾಗಿದ್ದದ್ದು ನಿನ್ನೆಯ ಹೂವು. ಅದು ಈ ವರ್ಷದ ಮೊದಲನೆಯದು.

ನಿನ್ನೆ ಅವಳು ಅಜ್ಜಿಗೆ ತೋರಿಸಬೇಕೆಂದು ಓಡಿದ್ದಳು. ಅಜ್ಜಿಗೆ ಕಾಯಿಲೆ. ಕಿಟಕಿಯಾಚೆಯ ಕೋಣೆಯಲ್ಲಿ ಮಲಗಿದ್ದರು, ಕಣ್ಣು ಬಿಡಲಿಲ್ಲ. “ಅಜ್ಜಿಗೆ ನಿದ್ದೆ ಬಂದಿದೆ ಕಣೇ, ನಾಳೆ ತೋರಿಸು,” ಎಂದಿದ್ದಳು ಅಮ್ಮ. ಹೂವನ್ನು ಕಿತ್ತು ಇಟ್ಟುಕೊಳ್ಳುವ ಹಾಗೂ ಇರಲಿಲ್ಲ. ಈ ಮನೆಯಲ್ಲಿ ಡೇಲಿಲಿಯನ್ನು ದೇವರ ಪೂಜೆಗೂ ಕೀಳುತ್ತಿರಲಿಲ್ಲ. ಅದು ಅಜ್ಜಿಯ ಕಟ್ಟಪ್ಪಣೆ.

“ಒಂದು ದಿನ ಕಾಯೋಕೆ ಆಗಲಿಲ್ವಾ ಅದಕ್ಕೆ? ಕೆಟ್ಟ ಹೂವು!” ಎಂದಳು ಪೂರ್ವಿ.

“ಕೆಟ್ಟದ್ದಲ್ಲ ಮಗು. ಅದಕ್ಕೇ ಒಂದು ಕಥೆ ಇರೋದು,” ಎಂದು ತಾತ ಕುಂಡದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು. ಒಳಗಿನಿಂದ ಅಜ್ಜಿಯ ಕೆಮ್ಮು ಕೇಳಿಸಿತು. ತಾತ ಕಿಟಕಿಯ ಕಡೆ ನೋಡಿದರು. ಕೆಮ್ಮು ನಿಂತ ಮೇಲೂ ಸ್ವಲ್ಪ ಹೊತ್ತು ಅತ್ತಲೇ ನೋಡಿದರು. ಆಮೇಲೆ ಕಥೆ ಶುರು ಮಾಡಿದರು.

ಲೋಕ ಆಗ ಇನ್ನೂ ಹೊಸದು.

“ಹೊಸದು ಅಂದರೆ ಹೊಸ ಬಟ್ಟೆಯ ಹಾಗಲ್ಲ,” ಎಂದರು ತಾತ. “ಬೆಟ್ಟ ಇನ್ನೂ ಮೆತ್ತಗಿತ್ತು. ನದಿಗೆ ಯಾವ ಕಡೆ ಹೋಗಬೇಕು ಅಂತ ಸರಿಯಾಗಿ ಗೊತ್ತಿರಲಿಲ್ಲ. ಆ ಥರ ಹೊಸದು.”

“ಗೊತ್ತಾಯ್ತು, ಮುಂದೆ ಹೇಳು ತಾತ.”

ಆ ಕಾಲದಲ್ಲಿ ಯಾವ ಹೂವೂ ಬಾಡುತ್ತಿರಲಿಲ್ಲ. ಒಮ್ಮೆ ಅರಳಿದರೆ ಮುಗಿಯಿತು, ಅರಳಿಕೊಂಡೇ ಇರುತ್ತಿತ್ತು. ಬಾಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ನದಿಯ ದಡದಲ್ಲಿ ಒಂದು ಡೇಲಿಲಿ ಗಿಡ ಇತ್ತು. ಅದರ ದಂಟಿನ ತುದಿಯಲ್ಲಿ ಒಂದು ಹಳದಿ ಹೂವು. ಅವಳು ಹಿರಿಯಕ್ಕ. ಅವಳ ಕೆಳಗೆ ಸಾಲಾಗಿ ಹಸಿರು ಮೊಗ್ಗುಗಳು. ಅವರೆಲ್ಲ ತಂಗಿಯರು. ಮೊಗ್ಗಿನ ಒಳಗೆ ಕತ್ತಲೆ. ಕಿಟಕಿ ಬಾಗಿಲು ಎಲ್ಲ ಹಾಕಿದ ಮನೆಯ ಹಾಗೆ.

“ಅಕ್ಕಾ, ಬೆಳಕು ಹೇಗಿರುತ್ತೆ?” ಎಂದು ಕೆಳಗಿನಿಂದ ತಂಗಿ ಕೇಳುತ್ತಿದ್ದಳು.

“ಬೆಚ್ಚಗಿರುತ್ತೆ. ಹಳದಿಯಾಗಿರುತ್ತೆ.”

“ಹಳದಿ ಅಂದರೆ?”

ಕತ್ತಲೆಯಲ್ಲೇ ಇರುವವಳಿಗೆ ಹಳದಿಯನ್ನು ಹೇಗೆ ಹೇಳುವುದು? “ನಾಳೆ ನೀನೇ ನೋಡು,” ಎನ್ನುತ್ತಿದ್ದಳು ಅಕ್ಕ.

ನಾಳೆ ಬರುತ್ತಿತ್ತು. ಅಕ್ಕ ತುದಿಯಲ್ಲಿ ಅರಳಿಕೊಂಡೇ ಇರುತ್ತಿದ್ದಳು. ಜೇನುಹುಳ ಬಂದು ಹೊಗಳುತ್ತಿತ್ತು. ಚಿಟ್ಟೆ ಬಂದು ಹೊಗಳುತ್ತಿತ್ತು. ತಂಗಿ ಮತ್ತೆ ಕೇಳುತ್ತಿದ್ದಳು, “ಅಕ್ಕಾ, ನನ್ನ ಸರದಿ ಯಾವಾಗ?” ಅಕ್ಕ ಮತ್ತೆ ಹೇಳುತ್ತಿದ್ದಳು, “ನಾಳೆ.”

ಒಂದು ಬೆಳಿಗ್ಗೆ ಒಬ್ಬ ತಂಗಿ ಕೇಳಲಿಲ್ಲ. ಅವಳ ತೊಟ್ಟು ಒಣಗಿ, ಮೊಗ್ಗು ಕಳಚಿ ನದಿಗೆ ಬಿತ್ತು. ‘ಟಪ್’ ಎಂದು ಸಣ್ಣ ಸದ್ದಾಯಿತು, ಅಷ್ಟೇ.

“ಇವಳು ಯಾರು?” ಎಂದು ನದಿ ಕೇಳಿತು. “ಯಾವ ಬಣ್ಣದವಳು ಅಂತ ಕೇಳಿದೆ. ಗೊತ್ತಿಲ್ಲ ಅಂದಳು.”

ಅಕ್ಕ ಕೆಳಕ್ಕೆ ಬಾಗಿದಳು. ಅವಳು ಬೇರನ್ನು ಕೇಳಿದಳು. ಬೇರು ಮಣ್ಣಿನ ಕೆಳಗೆ ದಪ್ಪ ದಪ್ಪ ಬೆರಳುಗಳನ್ನು ಚಾಚಿಕೊಂಡಿದ್ದ ಮುದುಕಿ.

“ಬೇರಜ್ಜೀ, ತಂಗಿ ಯಾಕೆ ಬಿದ್ದಳು?”

“ನಾನು ಕಳಿಸಿದ್ದನ್ನೆಲ್ಲ ನೀನೇ ಕುಡೀತಿದ್ದೀಯಲ್ಲ ಮಗಳೇ,” ಎಂದಳು ಬೇರಜ್ಜಿ. ಬೈದು ಹೇಳಲಿಲ್ಲ, ಸುಮ್ಮನೆ ಹೇಳಿದಳು. “ದಂಟು ಒಂದೇ. ಅದೂ ಸಣ್ಣದು. ನೀನು ಬಿಟ್ಟರೆ ತಾನೇ ಅವರಿಗೆ?”

“ಬಿಡ್ತೀನಿ ಅಜ್ಜಿ. ಬಿಡೋದು ಹೇಗೆ?”

ಬೇರಜ್ಜಿಗೆ ಗೊತ್ತಿರಲಿಲ್ಲ. ಆಗಲೇ ಹೇಳಿದೆನಲ್ಲ, ಯಾರೂ ಬಾಡದ ಕಾಲ ಅದು.

ಅಕ್ಕ ಗಾಳಿಯನ್ನು ಕೇಳಿದಳು. “ನನಗೆ ತಳ್ಳೋದು ಗೊತ್ತು, ಬಿಡೋದು ಗೊತ್ತಿಲ್ಲ,” ಎಂದಿತು ಗಾಳಿ. ನದಿಯನ್ನು ಕೇಳಿದಳು. “ನನಗೆ ಹೋಗೋದು ಗೊತ್ತು. ಆದರೆ ನಾನು ಎಷ್ಟು ಹೋದರೂ ಇಲ್ಲೇ ಇರ್ತೀನಿ, ನೋಡು,” ಎಂದಿತು ನದಿ. ಕೊನೆಗೆ ಸೂರ್ಯನನ್ನು ಕೇಳಿದಳು. ಅವನು ಪಡುವಣದ ದಿಬ್ಬದ ಹತ್ತಿರ ಹೋಗಿದ್ದ.

“ನನ್ನನ್ನು ನೋಡು,” ಎಂದ ಸೂರ್ಯ. “ಮೊದಲು ಅಂಚನ್ನು ಒಳಗೆ ಎಳ್ಕೋ. ಆಮೇಲೆ ಬಣ್ಣ. ಕೊನೆಗೆ ಬೆಳಕು. ಹೀಗೆ.”

“ನೀನು ಬೆಳಿಗ್ಗೆ ವಾಪಸ್ ಬರ್ತೀಯ. ನಾನು?”

ಸೂರ್ಯ ಸುಳ್ಳು ಹೇಳಲಿಲ್ಲ. “ನೀನು ಬರಲ್ಲ,” ಎಂದ.

“ನನ್ನ ತಂಗಿ ಮುಖಾನಾದರೂ ನೋಡಬಹುದಾ?”

“ನೀನು ಮುಚ್ಚದೆ ಅವಳು ಅರಳಲ್ಲ. ಅವಳು ಅರಳೋ ಹೊತ್ತಿಗೆ ನೀನು ಇರಲ್ಲ,” ಎಂದು ಹೇಳಿ ಸೂರ್ಯ ಮುಳುಗಿಬಿಟ್ಟ.

ತಾತ ಇಲ್ಲಿ ಕಥೆ ನಿಲ್ಲಿಸಿದರು. ಪಂಚೆಯ ಅಂಚಿಗೆ ಮಣ್ಣು ಹತ್ತಿತ್ತು, ಅದನ್ನು ಕೊಡವಿದರು. ಮಣ್ಣು ಹೋದ ಮೇಲೂ ಕೊಡವುತ್ತಲೇ ಇದ್ದರು.

“ಅವಳು ಮುಚ್ಚಿಕೊಂಡಳಾ ತಾತ?”

“ಆವತ್ತು ಇಲ್ಲ,” ಎಂದರು ತಾತ. “ಅಲ್ಲೇ ಅವಳು ತಪ್ಪಿದ್ದು. ತಪ್ಪು ಅಂದರೆ... ಆಸೆ. ಆಸೆಗೆ ತಪ್ಪು ಅನ್ನಬಹುದೋ ಏನೋ, ನಿಮ್ಮಜ್ಜೀನೇ ಕೇಳಬೇಕು.”

ಆ ಸಂಜೆ ಅಕ್ಕ ಅರ್ಧ ಮಾತ್ರ ಮುಚ್ಚಿಕೊಂಡಳು. ಬಾಗಿಲ ಸಂದಿಯಿಂದ ನೋಡುವವರ ಹಾಗೆ ಒಂದು ಎಸಳನ್ನು ತೆರೆದೇ ಇಟ್ಟಳು. ಒಂದೇ ಒಂದು ಸಲ ತಂಗಿಯ ಮುಖ ನೋಡಿಬಿಡುತ್ತೇನೆ, ಆಮೇಲೆ ಪೂರ್ತಿ ಮುಚ್ಚುತ್ತೇನೆ ಎಂದುಕೊಂಡಳು. ಇಡೀ ರಾತ್ರಿ ಆ ಒಂದು ಎಸಳು ದಂಟಿನ ನೀರನ್ನು ಕುಡಿಯಿತು.

ಬೆಳಗಾಯಿತು. ಒಬ್ಬ ತಂಗಿಯ ತುದಿ ಚೂರೇ ಚೂರು ಬಿರಿದಿತ್ತು. ಒಳಗಿನ ಹಳದಿ ಒಂದು ಗೆರೆಯಷ್ಟು ಕಾಣಿಸಿತು. ಅಷ್ಟಕ್ಕೇ ಅವಳ ಶಕ್ತಿ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ನದಿಯಲ್ಲಿ ಮತ್ತೆ ‘ಟಪ್’ ಎಂದಿತು.

ಈ ಸಲ ನದಿ ಯಾರೆಂದು ಕೇಳಲಿಲ್ಲ.

ಅಕ್ಕ ಆವತ್ತು ಜೇನುಹುಳದ ಜೊತೆ ಮಾತಾಡಲಿಲ್ಲ. ಚಿಟ್ಟೆಯ ಜೊತೆಯೂ ಮಾತಾಡಲಿಲ್ಲ. ದಿನವಿಡೀ ಬೆಳಕನ್ನೇ ನೋಡುತ್ತಾ ಇದ್ದಳು. ಬಿಸಿಲು ನೆಲಕ್ಕೆ ಇಳಿಯುತ್ತಾ ಬಂದಾಗ ಕೆಳಗಿನ ಮೊಗ್ಗು ಮೆಲ್ಲಗೆ ಕೇಳಿತು, “ಅಕ್ಕಾ, ನನ್ನ ಸರದಿ ಯಾವಾಗ?”

“ನಾಳೆ,” ಎಂದಳು ಅಕ್ಕ.

ಸೂರ್ಯ ಅಂಚು ಎಳೆದುಕೊಂಡ. ಅವಳೂ ಎಳೆದುಕೊಂಡಳು. ಸೂರ್ಯ ಬಣ್ಣ ಎಳೆದುಕೊಂಡ. ಅವಳೂ ಎಳೆದುಕೊಂಡಳು. ಯಾವ ಎಸಳನ್ನೂ ತೆರೆದಿಡಲಿಲ್ಲ. ದಂಟಿನ ನೀರು ಅವಳನ್ನು ದಾಟಿ ಪಕ್ಕಕ್ಕೆ ಹರಿಯುವುದು ಅವಳಿಗೆ ಗೊತ್ತಾಯಿತು. ಆಮೇಲೆ ಗೊತ್ತಾಗಲಿಲ್ಲ.

ಬೆಳಿಗ್ಗೆ ತಂಗಿ ಅರಳಿದಳು. “ಓ, ಹಳದಿ ಅಂದರೆ ಇದಾ! ಅಕ್ಕಾ, ನೋಡಿದೆ ಕಣೇ!” ಎಂದು ಕೂಗಿದಳು. ಯಾರೂ ಓಗೊಡಲಿಲ್ಲ. ಪಕ್ಕದಲ್ಲಿ ಏನೋ ಒದ್ದೆಯಾಗಿ, ಸುರುಟಿಕೊಂಡು ಜೋತಾಡುತ್ತಿತ್ತು. ಅದು ಅಕ್ಕ ಎಂದು ಅವಳಿಗೆ ಗೊತ್ತಾಗಲೇ ಇಲ್ಲ. ಅವಳು ಅಕ್ಕನ ಮುಖ ನೋಡಿದ್ದರೆ ತಾನೇ?

“ಗಾಳೀ, ನಮ್ಮಕ್ಕ ಎಲ್ಲಿ?” ಎಂದಳು.

ಗಾಳಿ ಆ ಸುರುಟಿದ್ದನ್ನು ಮುಟ್ಟದೆ ಸುತ್ತಿಕೊಂಡು ಹೋಯಿತು.

ಆಗ ಕೆಳಗಿನಿಂದ ಇನ್ನೊಂದು ಸಣ್ಣ ದನಿ ಬಂತು. “ಅಕ್ಕಾ, ಬೆಳಕು ಹೇಗಿರುತ್ತೆ?”

ತಂಗಿ ಆ ಸುರುಟಿದ್ದನ್ನು ಮತ್ತೆ ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಹೇಳಿದಳು, “ನಾಳೆ ನೀನೇ ನೋಡು.”

ಆ ಮಾತು ನಿಜವಾದದ್ದು ಲೋಕದಲ್ಲಿ ಅದೇ ಎರಡನೆಯ ಸಲ.

ಪೂರ್ವಿ ಈಗ ಕುಂಡದ ಕಡೆ ತಿರುಗಿದ್ದಳು. ಜೋತುಬಿದ್ದ ಹೂವನ್ನು ಬೆರಳ ತುದಿಯಿಂದ ಮುಟ್ಟಿದಳು. “ಇದು ಅಕ್ಕಾನಾ?”

“ಹೂಂ. ನಿಮ್ಮಜ್ಜಿ ದಿನಾ ಬೆಳಿಗ್ಗೆ ಇಂಥದ್ದನ್ನು ಮೆಲ್ಲಗೆ ಬಿಡಿಸಿ ಬುಡಕ್ಕೇ ಹಾಕ್ತಿದ್ದಳು. ಗಿಡದಲ್ಲೇ ಬಿಟ್ಟರೆ ಬೀಜ ಕಟ್ಟಿ ಶಕ್ತಿಯೆಲ್ಲ ಅತ್ತ ಹೋಗುತ್ತೆ, ಮೊಗ್ಗಿಗೆ ಸಾಲಲ್ಲ. ಬುಡಕ್ಕೆ ಹಾಕಿದರೆ ಬೇರಜ್ಜಿಗೇ ವಾಪಸ್ ಹೋಗುತ್ತೆ. ಈ ಸಲ ಮಾತ್ರ ಯಾರೂ...” ತಾತ ಕುಂಡವನ್ನು ಪೂರ್ವಿಯ ಕಡೆ ಸರಿಸಿದರು. “ನೀನು ಬಿಡಿಸು. ತೊಟ್ಟಿನ ಹತ್ತಿರ ಹಿಡ್ಕೋ. ಪಕ್ಕದ ಮೊಗ್ಗು ಮುರೀಬಾರದು.”

ಪೂರ್ವಿ ಬಿಡಿಸಿದಳು. ಬುಡಕ್ಕೆ ಹಾಕಿದಳು.

“ಇವತ್ತಿನ ಹೂವನ್ನ ಅಜ್ಜಿಗೆ ನಾಳೆ ತೋರಿಸೋಣ್ವಾ?” ಎಂದವಳು ತಾನೇ ನಾಲಿಗೆ ಕಚ್ಚಿಕೊಂಡಳು.

ಹೂವಿನ ಅಂಚು ಆಗಲೇ ಚೂರು ಒಳಗೆ ಬಾಗಿತ್ತು. ಸಂಜೆಯ ಬಿಸಿಲು ಕಾಂಪೌಂಡ್ ಗೋಡೆಯ ಮೇಲೆ ಹತ್ತಿತ್ತು.

“ಅದಕ್ಕೇ ಮಗು,” ಎಂದರು ತಾತ, ಆತುರ ಆತುರವಾಗಿ, “ಇವತ್ತಿಗೂ ಡೇಲಿಲಿ ಬೆಳಿಗ್ಗೆ ಅರಳಿ ಸಂಜೆಗೆ ಮುಚ್ಚಿಕೊಳ್ಳುತ್ತೆ. ಒಂದು ಹೂವಿಗೆ ಒಂದೇ ದಿನ. ಆದರೆ ಗಿಡಕ್ಕೆ ಹಾಗಲ್ಲ, ಗಿಡಕ್ಕೆ ಮಾರನೆ ದಿನ ಇನ್ನೊಂದು. ಇದರಲ್ಲಿ ನೀನು ತಿಳ್ಕೋಬೇಕಾದ್ದು ಏನಪ್ಪಾ ಅಂದರೆ, ಮುಚ್ಚಿಕೊಂಡವಳು ಎಲ್ಲಿ ಹೋದಳು ಅಂತ ಕೇಳಿದರೆ, ಅವಳು ಹೋದದ್ದು ಎಲ್ಲಿಗೆ ಅಂದರೆ—”

“ಮಾವಾ!” ಕಿಟಕಿಯಿಂದ ಪೂರ್ವಿಯ ಅಮ್ಮ ಕೂಗಿದಳು. “ಅತ್ತೆ ಕಣ್ಣು ಬಿಟ್ಟಿದ್ದಾರೆ. ನಿಮ್ಮನ್ನ ಕೇಳ್ತಿದ್ದಾರೆ. ಬೇಗ ಬನ್ನಿ!”

ತಾತ ಎದ್ದರು. ಎರಡು ಹೆಜ್ಜೆ ಹೋದವರು ಹಾಗೇ ತಿರುಗಿ ಬಂದರು. ಬಗ್ಗಿ, ನೀರು ತೊಟ್ಟಿಕ್ಕುತ್ತಿದ್ದ ಕುಂಡವನ್ನು ಎರಡೂ ಕೈಯಿಂದ ಎದೆಗವಚಿಕೊಂಡು ಎತ್ತಿದರು.

“ಬಾಗಿಲು ತೆಗಿ ಪೂರ್ವಿ,” ಎಂದರು. “ಹೂವು ಇನ್ನೂ ಮುಚ್ಕೊಂಡಿಲ್ಲ.”