ಕಹಿ ಸೋರೆಯ ಹೊಟ್ಟೆ ಬರಿದಾದದ್ದು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಹೊಳೆಗಳು ಎತ್ತ ಹೋಗಬೇಕೆಂದು ಒಂದನ್ನೊಂದು ಕೇಳಿಕೊಂಡು ಹರಿಯುತ್ತಿದ್ದವು. ಗಾಳಿಗೆ ಮಾತು ಬರುತ್ತಿತ್ತು, ಗಿಡಗಳಿಗೆ ಉತ್ತರ ಕೊಡಲು ಬರುತ್ತಿತ್ತು. ಭೂಮಿ ಅಷ್ಟು ಹೊಸದಾಗಿದ್ದ ಕಾಲ ಅದು.

ಆಗ ಸೋರೆಕಾಯಿಯ ಒಳಗೆಲ್ಲ ಬರೀ ತಿರುಳು. ಬೀಜ ಇರಲಿಲ್ಲ, ಟೊಳ್ಳು ಇರಲಿಲ್ಲ. ಯಾವ ಸೋರೆ ತಿಂದರೂ ಸಿಹಿ. ಬಳ್ಳಿಯ ಒಂದು ತುಂಡು ನೆಟ್ಟರೆ ಸಾಕು, ಗೆಣಸಿನ ಹಾಗೆ ಚಿಗುರಿಕೊಂಡು ಬೇಲಿ ಹತ್ತುತ್ತಿತ್ತು. ಕಾಯಿ ಎಳೆಯದಾಗಿರುವಾಗಲೇ ಜನ ಕೊಯ್ದುಬಿಡುತ್ತಿದ್ದರು. ಬಳ್ಳಿಯಲ್ಲಿ ಕಾಯಿ ಒಣಗಿದರೆ ಆ ಮನೆಯವರ ಮಾತು ಒಣಗಿಹೋಗುತ್ತದೆ ಎಂದು ಅವರ ನಂಬಿಕೆ. ಹಾಗಾಗಿ ಮುದಿಯಾದ ಸೋರೆ ಹೇಗಿರುತ್ತದೆ ಅಂತ ಯಾರೂ ಕಂಡಿರಲಿಲ್ಲ.

ಹೊಳೆಯ ದಂಡೆಯ ಮೇಲೆ ಒಂದು ಮನೆ. ಆ ಮನೆಯಲ್ಲಿ ಮರಿತಾಯಿ ಎಂಬ ಹುಡುಗಿ, ಅವಳ ಅವ್ವ ದುಂಡವ್ವ, ಅಪ್ಪ ಹಲಗಯ್ಯ. ಹಲಗಯ್ಯ ಪದ ಹಾಡುವವನು. ಸುಗ್ಗಿ ಮುಗಿದ ಮೇಲೆ ತಂಬೂರಿ ಹೆಗಲಿಗೆ ಹಾಕಿಕೊಂಡು ಹೊರಟರೆ ಹಟ್ಟಿಯಿಂದ ಹಟ್ಟಿಗೆ ಹಾಡುತ್ತ ಹೋಗಿ, ಮೊದಲ ಮಳೆಗೆ ಮುಂಚೆ ಮನೆಗೆ ಬರುತ್ತಿದ್ದ.

ಒಂದು ವರ್ಷ ಅವನಿಗಿಂತ ಮುಂಚೆ ಮಳೆ ಬಂತು. ಹೊಳೆ ಉಕ್ಕಿತು. ನೀರು ಇಳಿದ ಮೇಲೆ ದಂಡೆಯ ಕೆಸರಿನಲ್ಲಿ ತಂಬೂರಿ ಸಿಕ್ಕಿತು. ಹಲಗಯ್ಯ ಸಿಗಲಿಲ್ಲ.

ಮರಿತಾಯಿ ನೀರಿನ ಹತ್ತಿರ ಕೂತು, ನಮ್ಮಪ್ಪ ಎಲ್ಲಿ ಅಂತ ಕೇಳಿದಳು.

“ಹಿಡ್ಕೊಳ್ಳೋಕೆ ನನಗೆ ಕೈ ಇಲ್ಲ ಮಗಳೇ,” ಅಂದಿತು ಹೊಳೆ.

ಅಪ್ಪನ ಮುಖ ಮರಿತಾಯಿಯ ಕಣ್ಣಿಗೆ ಕಟ್ಟಿದ ಹಾಗೇ ಇತ್ತು. ಅವನ ಹಣೆಯ ಗೆರೆ, ತಂಬೂರಿಯ ಪಟ್ಟಿ ಹೆಗಲ ಮೇಲೆ ಮಾಡಿದ್ದ ಕಪ್ಪು ಜಡ್ಡು, ಎಲ್ಲ. ಹೋಗುತ್ತಿದ್ದದ್ದು ದನಿ. ಮೊದಲ ತಿಂಗಳು ಅವನ ಪದಗಳು ಪೂರ್ತಿ ಕಿವಿಯಲ್ಲಿದ್ದವು. ಆಮೇಲೆ ಪದದ ಮೊದಲ ಸಾಲಷ್ಟೇ ಉಳಿಯಿತು. ಆಮೇಲೆ ಅವನು ‘ಮಗಾ’ ಅಂತ ಕರೆಯುತ್ತಿದ್ದದ್ದು ಮಾತ್ರ. ಅದೂ ಹೋಗಿಬಿಟ್ಟರೆ ಅಂತ ಅವಳಿಗೆ ಭಯ.

ತಂಬೂರಿ ‘ಝುಂಯ್’ ಅನ್ನದೆ ಅಪ್ಪ ಎಂದೂ ಬಾಯಿ ತೆರೆದವನಲ್ಲ. ಆ ನಾದ ಮತ್ತೆ ಎದ್ದರೆ ಅದರ ಬೆನ್ನು ಹಿಡಿದು ಅವನ ದನಿಯೂ ಬಂದೀತು, ಅಲ್ಲವೇ? ಮರಿತಾಯಿ ಹಾಗಂದುಕೊಂಡಳು. ಆದರೆ ಯಾರಿಗೂ ಹೇಳಲಿಲ್ಲ.

ಒಡೆದ ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಅದರ ಹೊಟ್ಟೆ ಹೊನ್ನೆಮರದ್ದು, ಉದ್ದಕ್ಕೆ ಸೀಳಿಹೋಗಿತ್ತು. ಕಬ್ಬಿಣ ಇನ್ನೂ ನೆಲದ ಒಳಗೇ ಮಲಗಿದ್ದ ಕಾಲ. ಮುತ್ತಜ್ಜ ಮರದ ತುಂಡಿನ ಮೇಲೆ ಕೆಂಡ ಇಟ್ಟು ಸುಟ್ಟು, ಸುಟ್ಟಷ್ಟನ್ನು ಕಲ್ಲಿನ ಚೂರಿನಲ್ಲಿ ಕೆರೆದು, ಮತ್ತೆ ಸುಟ್ಟು, ಮತ್ತೆ ಕೆರೆದು, ಅರ್ಧ ಟೊಳ್ಳು ಮಾಡುವಷ್ಟರಲ್ಲಿ ಮುದುಕನಾಗಿದ್ದ. ಉಳಿದ ಅರ್ಧ ಅಜ್ಜ ಮಾಡಿದ. ಅಪ್ಪನ ಪಾಲಿಗೆ ಬಂದದ್ದು ಮೀಟುವುದೊಂದೇ. ಅಂಥ ಇನ್ನೊಂದು ಮಾಡಬೇಕೆಂದರೆ ಮರಿತಾಯಿಗೆ ಒಂದು ಜನ್ಮ ಬೇಕು. ಅಷ್ಟು ದಿನ ‘ಮಗಾ’ ಕಾಯುತ್ತದೆಯೇ?

ಮರ ಬೇಡ, ಮನೆಯಲ್ಲಿ ಇರುವುದರಲ್ಲೇ ಮಾಡುತ್ತೇನೆ ಅಂದುಕೊಂಡಳು.

ಮೊದಲು ತೆಂಗಿನ ಕರಟ ತಂದಳು. ಬಾಯಿಗೆ ಆಡಿನ ಚರ್ಮ ಬಿಗಿದು, ಬೇಲದ ಮರದ ಅಂಟು ಹಚ್ಚಿ ಒಣಗಿಸಿದಳು. ಒಂದು ಕೋಲು ತೂರಿಸಿ, ಕರುಳು ಹೊಸೆದ ತಂತಿ ಎಳೆದು ಕಟ್ಟಿದಳು. ಮೀಟಿದರೆ ಸೊಳ್ಳೆಯ ಹಾಗೆ ಗುಂಯ್ ಅಂದಿತು. ಆಮೇಲೆ ಮಣ್ಣಿನ ಗಡಿಗೆಗೆ ಚರ್ಮ ಬಿಗಿದಳು. ಅದು ನಾದ ಮಾಡುವ ಬದಲು ಕೆಮ್ಮಿತು, ಮೂರನೆಯ ದಿನ ಬಿರುಕು ಬಿಟ್ಟಿತು.

ಆಗ ಬೇಲಿಯ ಮೇಲಿನ ಸೋರೆ ಅವಳ ಕಣ್ಣಿಗೆ ಬಿತ್ತು. ಗುಂಡನೆಯ ಹೊಟ್ಟೆ, ಉದ್ದನೆಯ ಕತ್ತು. ಅಪ್ಪನ ತಂಬೂರಿಯ ಆಕಾರವೇ. ಒಂದು ಎಳೆಯ ಕಾಯಿ ಕೊಯ್ದು, ಕಪ್ಪೆಚಿಪ್ಪಿನಿಂದ ತಿರುಳೆಲ್ಲ ತೋಡಿ, ಚರ್ಮ ಬಿಗಿದು ತಂತಿ ಕಟ್ಟಿದಳು. ಮೀಟಿದಳು. ಒದ್ದೆ ನೆಲಕ್ಕೆ ಹಣ್ಣು ಬಿದ್ದ ಹಾಗೆ ‘ದೊಪ್’ ಅಂದಿತು. ನಾಲ್ಕು ದಿನಕ್ಕೆ ಮೆತ್ತಗಾಗಿ, ಕೊಳೆತು, ಮನೆಯೆಲ್ಲ ನಾತ.

ಅಪ್ಪನ ಅಕ್ಕ ಚೆಲುವಾಜಿ ಪಕ್ಕದ ಗುಡಿಸಲಿನವಳು. ಮೂಗು ಮುಚ್ಚಿಕೊಂಡೇ ಒಳಗೆ ಬಂದಳು.

“ಏನವ್ವ ಸೊಸೆಮುದ್ದು, ಇದನ್ನ ಮೀಟೋದೋ ಒಗ್ಗರಣೆ ಹಾಕೋದೋ?”

“ಮೀಟೋದು ಅತ್ತೆ.”

“ತಿನ್ನೋ ಕಾಯಿಗೆ ತಂತಿ ಕಟ್ಟಿ ಹಾಳು ಮಾಡಿದೆ. ಎರಡು ಹೊತ್ತಿನ ಪಲ್ಯ ಆಗ್ತಿತ್ತು,” ಅಂದು ಚೆಲುವಾಜಿ ನಕ್ಕಳು. ನಗುವಾಗ ಅವಳು ಒಡೆದ ತಂಬೂರಿಯ ಕಡೆ ಮಾತ್ರ ನೋಡಲಿಲ್ಲ.

ಮರಿತಾಯಿ ಬೇಲಿಯ ಹತ್ತಿರ ಹೋಗಿ ಕೂತಳು. ಗಾಳಿ ಅವಳ ಪಕ್ಕಕ್ಕೆ ಬಂತು. ನಿನ್ನ ಅಪ್ಪ ಹಾಡುವಾಗೆಲ್ಲ ಅವನ ದನಿ ಹೊತ್ತು ತಿರುಗಿದ್ದು ನಾನೇ ಅಂತ ಹೇಳಿತು.

“ಹಾಗಾದರೆ ಒಂದು ಸಲ ಕೇಳಿಸು,” ಎಂದು ಅವಳು ಬೇಡಿದಳು.

“ಇಳಿಸೋಕೆ ಜಾಗ ಬೇಕಲ್ಲವ್ವ. ಹೋದ ಕಡೆಯೆಲ್ಲ ತುಂಬಿಕೊಂಡೇ ಇದೆ. ಬರಿದಾದ ಒಂದು ಹೊಟ್ಟೆ ಸಿಕ್ಕರೆ ಅಲ್ಲಿ ಕೂರ್ತೀನಿ. ಆದರೆ ನನ್ನ ಹತ್ರ ಇರೋದು ಈಗ ಅವನ ದನೀನೇ ಅಂತ ಹೇಳಲಾರೆ. ಬೀಸಿ ಬೀಸಿ ಸವೆದಿದೆ.”

ಸವೆದದ್ದೇ ಇರಲಿ ಅಂದಳು ಮರಿತಾಯಿ. ಸೋರೆಬಳ್ಳಿಯ ಕಡೆ ತಿರುಗಿ, ನೀವು ಯಾಕೆ ಯಾವಾಗಲೂ ತುಂಬಿಕೊಂಡೇ ಇರುತ್ತೀರಿ ಎಂದು ಕೇಳಿದಳು. ನಿಮ್ಮಲ್ಲಿ ವಯಸ್ಸಾದವರು ಹೇಗಿರುತ್ತಾರೆ?

ಬಳ್ಳಿಗೆ ನಾಚಿಕೆಯಾಯಿತು. “ನಮ್ಮಲ್ಲಿ ಮುದುಕಿಯರೇ ಇಲ್ಲ. ಅಷ್ಟು ದಿನ ನಮ್ಮನ್ನ ಯಾರು ಬಿಟ್ಟಿದ್ದಾರೆ?”

ಅಂದಿನಿಂದ ಮರಿತಾಯಿ ಬಳ್ಳಿಯ ತುದಿಯ ಒಂದು ಕಾಯಿಯನ್ನು ಕಾಯತೊಡಗಿದಳು. ಕೋತಿ ಬಂದರೆ ಕಲ್ಲು ಬೀಸಿದಳು, ಕರು ಬಂದರೆ ಮೂತಿ ತಳ್ಳಿದಳು. ಅವ್ವ ಸಾರಿಗೆಂದು ಅದಕ್ಕೆ ಕೈ ಹಾಕಿದರೆ ಪಕ್ಕದ ಕಾಯಿ ತೋರಿಸಿದಳು. ಕಾಯಿ ಊದಿತು, ದಪ್ಪಗಾಯಿತು, ಅದರ ಎಳೆಯ ರೋಮ ಉದುರಿತು. ನೆರೆಹೊರೆಯವರು ಗುಸುಗುಸು ಅಂದರು. ಗಂಡನ ದನಿ ಹೊಳೆ ಪಾಲಾಯಿತು, ಇನ್ನು ಇವರ ಮನೆಯಲ್ಲಿ ಇರೋ ಮಾತೂ ಒಣಗಲಿ ಅಂತಾನಾ? ಆದರೂ ದುಂಡವ್ವ ಮಗಳನ್ನು ಬೈಯಲಿಲ್ಲ.

ಒಂದು ಬೆಳಿಗ್ಗೆ ಚೆಲುವಾಜಿ ಬೇಲಿಯಾಚೆ ನಿಂತು, ಇವತ್ತು ಸಂಜೆಯೊಳಗೆ ಆ ಕಾಯಿ ಕೊಯ್ಯುತ್ತೇನೆ, ಇಷ್ಟು ದಿನ ಮಗು ಅಂತ ಸುಮ್ಮನಿದ್ದೆ, ನನ್ನ ತಮ್ಮನ ಮನೆಗೆ ಕೇಡಾಗಲು ಬಿಡುವುದಿಲ್ಲ ಎಂದು ಖಂಡಿತವಾಗಿ ಹೇಳಿಬಿಟ್ಟಳು. ಮರಿತಾಯಿ ಕಾಲು ಹಿಡಿದಳು. ಕೇಳಲಿಲ್ಲ. ಮರಿತಾಯಿ ಅಂದೇ ಬಿದಿರು ಕಡಿಯುವವರ ಜೊತೆ ಕಾಡಿಗೆ ಹೋಗಬೇಕಿತ್ತು. ಅಂದು ತಪ್ಪಿದರೆ ತಂಬೂರಿಯ ಕೋಲಿಗೆ ಮತ್ತೆ ವರ್ಷ ಕಾಯಬೇಕು. ಅವಳು ತಿರುತಿರುಗಿ ನೋಡುತ್ತ ಹೋದಳು.

ಅವಳು ಹೋದ ಮೇಲೆ ಏನಾಯಿತು ಎಂದು ಆಮೇಲೆ ಬಳ್ಳಿಯೇ ಹೇಳಿತು.

ಬೇಲಿಯ ಮೂಲೆಯಲ್ಲಿ ಒಂದು ಬೇವಿನ ಮರ ಇತ್ತು. ಆ ಕಾಯಿ ಬೇವನ್ನು ಕರೆದು, ಅಕ್ಕಾ, ನಿನ್ನ ಕಹಿ ನನಗೊಂದಿಷ್ಟು ಕೊಡು ಅಂತ ಕೇಳಿತು. ಬೇವು ಬೇಡವೆಂದಿತು.

“ಕಹಿಯಾದರೆ ನಿನ್ನನ್ನ ಯಾರೂ ಮುದ್ದು ಮಾಡೋದಿಲ್ಲ ಕಣೆ. ನನ್ನ ನೋಡು.”

“ಮುದ್ದು ಮಾಡಿದವರೆಲ್ಲ ಕೊಯ್ದರಲ್ಲಕ್ಕ,” ಅಂದಿತು ಸೋರೆ. “ಆ ಹುಡುಗಿ ಒಬ್ಬಳೇ ಕಾದದ್ದು.”

ಬೇವು ಒಪ್ಪಿತು. ನೆಲದೊಳಗೆ ಬೇರಿಗೆ ಬೇರು ತಾಗಿಸಿ ಕಹಿ ಹರಿಸಿತು.

ಸಂಜೆ ಚೆಲುವಾಜಿ ಬಂದಳು. ಸೋರೆ ಎಳೆಯದೋ ಬಲಿತದ್ದೋ ನೋಡುವ ಹೆಂಗಸರೆಲ್ಲ ಮಾಡುವ ಹಾಗೆ ಹೆಬ್ಬೆರಳ ಉಗುರು ಒತ್ತಿದಳು. ಒತ್ತಿದ ಉಗುರನ್ನು ಅಭ್ಯಾಸಬಲದಿಂದ ನಾಲಿಗೆಗೆ ತಾಗಿಸಿದಳು. ಮುಖ ಕಿವುಚಿತು. ಮೂರು ಸಲ ಉಗಿದಳು, ಹೊಳೆಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು ಮತ್ತೊಮ್ಮೆ ಉಗಿದಳು. ಇದನ್ನು ದನವೂ ಮೂಸುವುದಿಲ್ಲ, ತಿನ್ನಲಾಗದ್ದು ಇದ್ದರೆಷ್ಟು ಒಣಗಿದರೆಷ್ಟು ಅಂತ ಬೈದು ಹೋದಳು.

ಬಿದಿರು ಹೊತ್ತು ಬಂದ ಮರಿತಾಯಿ ಬಳ್ಳಿಯಿಂದ ಇದನ್ನೆಲ್ಲ ಕೇಳಿ ಕಾಯಿಯನ್ನು ಕೆನ್ನೆಗೆ ಒತ್ತಿಕೊಂಡಳು. ಅದರ ಸಿಹಿ ಹೋದದ್ದು ತನ್ನಿಂದಲೇ ಎಂದು ಅವಳಿಗೆ ಗೊತ್ತಿತ್ತು.

ಮಳೆ ಹೋಯಿತು, ಚಳಿ ಬಂತು. ಬಳ್ಳಿಯ ಎಲೆಗಳು ಹಳದಿಯಾದವು, ಉದುರಿದವು. ಸೋರೆಯ ಹಸಿರು ಇಳಿದು ಜೇನಿನ ಬಣ್ಣ ಬಂತು. ಒಳಗಿನ ನೀರೆಲ್ಲ ಒಂದೊಂದೇ ಹನಿಯಾಗಿ ಆರಿತು, ಸಿಪ್ಪೆ ಮರದಷ್ಟು ಗಟ್ಟಿಯಾಯಿತು. ಉಳಿದ ಚೂರುಪಾರು ತಿರುಳು ಕುಗ್ಗಿ ಕುಗ್ಗಿ ಬೀಜವಾಯಿತು. ಭೂಮಿಯ ಮೇಲೆ ಮೊದಲ ಸೋರೆಬೀಜ ಅದೇ.

ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಒಂದು ಬೆಳಿಗ್ಗೆ ಮರಿತಾಯಿ ಎದ್ದು, ಎಂದಿನಂತೆ ಕಣ್ಣು ಮುಚ್ಚಿ ಅಪ್ಪನ ‘ಮಗಾ’ ನೆನೆದಳು. ಅಪ್ಪನ ಬಾಯಿ ಆಡಿತು. ದನಿ ಇರಲಿಲ್ಲ. ಎಷ್ಟು ಹೊತ್ತು ಕೂತರೂ ಬರಲಿಲ್ಲ. ಅವಳು ಅಳಲಿಲ್ಲ. ಎದ್ದು ಹೋಗಿ ಸೋರೆಯನ್ನು ಬಳ್ಳಿಯಿಂದ ಬಿಡಿಸಿಕೊಂಡು ಬಂದಳು.

ಎತ್ತಿದರೆ ಭಾರವೇ ಇಲ್ಲ, ಗುಬ್ಬಿಯನ್ನು ಹಿಡಿದ ಹಾಗೆ. ಹೊನ್ನೆಮರದ ಹೊಟ್ಟೆಯನ್ನು ಎರಡು ತಲೆಮಾರು ಕೆರೆದು ತೆಳುಮಾಡಿತ್ತು, ಆದರೂ ಅದರ ಗೋಡೆ ಎರಡು ಬೆರಳು ದಪ್ಪ. ಇದರ ಗೋಡೆ ಉಗುರಿನಷ್ಟು. ಅದನ್ನು ಬೆಂಕಿ ಬರಿದು ಮಾಡಿತ್ತು. ಇದು ತಾನೇ ಬರಿದಾಗಿತ್ತು. ಅವಳು ಒಂದು ಪಕ್ಕ ಕೊರೆದು ಬೀಜ ತೆಗೆದಳು, ಆಡಿನ ಚರ್ಮ ನೆನೆಸಿ ಬಿಗಿದಳು, ಬೇಲದ ಅಂಟು ಹಚ್ಚಿದಳು. ಬಿದಿರ ಕೋಲು ತೂರಿಸಿದಳು. ತಂತಿ ಬಿಗಿಯುವ ಬಿರಡೆಯನ್ನು ಮಾತ್ರ ಅಪ್ಪನ ತಂಬೂರಿಯಿಂದ ಬಿಚ್ಚಿಕೊಳ್ಳಲು ಹೋಗಿ, ಕೈ ಬಾರದೆ, ಹೊಸದೊಂದು ಕೆತ್ತಿದಳು.

ಅಂಟು ಒಣಗಿದ ದಿನ ಮಧ್ಯಾಹ್ನ, ಅವ್ವ ರಾಗಿ ಬೀಸುತ್ತಿದ್ದಾಗ, ಜಗಲಿಯ ಮೇಲೆ ಕೂತು ಮೀಟಿದಳು.

ಝುಂಯ್ ಅಂದಿತು.

ಅಪ್ಪನ ತಂಬೂರಿಯ ನಾದ ಇದಲ್ಲ. ಅದು ಗುಂಡಿಗೆಯಲ್ಲಿ ಹುಟ್ಟಿ, ಅಪ್ಪ ಬಾಯಿ ತೆರೆಯುವಷ್ಟರಲ್ಲಿ ನಿಂತುಬಿಡುತ್ತಿತ್ತು. ಇದು ಬೆರಳು ತೆಗೆದ ಮೇಲೂ ನಿಲ್ಲಲಿಲ್ಲ. ತೆಳ್ಳಗಾಗುತ್ತ, ದೂರ ಹೋಗುತ್ತ, ಹೋಗಲು ಮನಸ್ಸಿಲ್ಲದ ಹಾಗೆ ಒಳಗೇ ಸುತ್ತುತ್ತಿತ್ತು. ಮರಿತಾಯಿ ಉಸಿರು ಬಿಗಿಹಿಡಿದು ಕೇಳಿದಳು. ನಾದದ ಬೆನ್ನಿಗೆ ‘ಮಗಾ’ ಬರಲಿಲ್ಲ.

ಒಳಗೆ ಬೀಸುಕಲ್ಲು ನಿಂತಿತು. ದುಂಡವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಮಗಳನ್ನು ನೋಡಲಿಲ್ಲ. ಹಟ್ಟಿಗಳ ಕಡೆಯಿಂದ ಬರುವ ದಾರಿಯನ್ನು ನೋಡುತ್ತ ನಿಂತಳು.

ಪಕ್ಕದ ಗುಡಿಸಲಿನಿಂದ ಚೆಲುವಾಜಿ ಬಂದಳು. ಏನಾದರೂ ಅನ್ನುತ್ತಾಳೆಂದು ಮರಿತಾಯಿ ತಂಬೂರಿಯನ್ನು ಎದೆಗೆ ಅವುಚಿಕೊಂಡಳು. ಚೆಲುವಾಜಿ ಜಗಲಿಯ ಕಂಬಕ್ಕೆ ಒರಗಿ ಕೂತಳು.

“ಇದು ನನ್ನ ತಮ್ಮನ ದನಿ ಅಲ್ಲ,” ಅಂದಳು.

“ಅಲ್ಲ ಅತ್ತೆ.” ಮರಿತಾಯಿ ತಂಬೂರಿಯನ್ನು ತೊಡೆಗೆ ಇಳಿಸಿದಳು. “ನನಗೆ ಅದು ಮರ್ತೇ ಹೋಗಿದೆ.”

ಚೆಲುವಾಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಪ್ರತಿ ವರ್ಷ ಅವನು ಬರೋ ದಿನ ನಾನು ಬೇಲಿ ಹತ್ರ ನಿಂತಿರ್ತಿದ್ದೆ. ಇನ್ನೂ ತಂಬೂರಿ ಕೇಳಿರ್ತಿರಲಿಲ್ಲ, ಹಾಡು ಕೇಳಿರ್ತಿರಲಿಲ್ಲ. ಆದರೂ ಬರ್ತಿದ್ದಾನೆ ಅಂತ ಎದೆಯಲ್ಲಿ ಏನೋ ಆಗ್ತಿತ್ತಲ್ಲ, ಅದು ಹಿಂಗೇ ಇರ್ತಿತ್ತು ಕಣವ್ವ.”

ಬಾಗಿಲಲ್ಲಿ ದುಂಡವ್ವ ಹಾಗೇ ನಿಂತಿದ್ದಳು.

“ಇನ್ನೊಂದು ಸಲ ಮೀಟು,” ಅಂದಳು ಚೆಲುವಾಜಿ.

ಮರಿತಾಯಿ ಮೀಟಿದಳು. ಹೊತ್ತು ಇಳಿಯುವ ತನಕ ಮೀಟಿದಳು. ಮರುದಿನ ಸೋರೆಯ ಬೀಜಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ಅಪ್ಪ ಬರಬೇಕಾಗಿದ್ದ ದಾರಿಯ ಉದ್ದಕ್ಕೂ, ಬೇಲಿ ಕಂಡಲ್ಲೆಲ್ಲ ಒಂದೊಂದು ಊರುತ್ತ ಹೋದಳು.

ಅದಕ್ಕೇ ಮಗೂ, ಇವತ್ತಿಗೂ ದಾರಿಬದಿಯ ಬೇಲಿಯಲ್ಲಿ ಎಲೆಯೆಲ್ಲ ಉದುರಿದ ಮೇಲೂ ಒಂದು ಕಹಿ ಸೋರೆ ಯಾರ ಕೈಗೂ ಸಿಗದೆ ಒಣಗುತ್ತ ತೂಗುತ್ತಿರುತ್ತದೆ, ಅದಕ್ಕೆ ಕಿವಿ ಇಟ್ಟರೆ ಯಾರೋ ಇನ್ನೇನು ಬರುತ್ತಾರೆ ಎಂಬ ಹಾಗೆ ಅದರ ಬರಿಹೊಟ್ಟೆಯೊಳಗೆ ಗಾಳಿ ಮೆಲ್ಲಗೆ ಗುನುಗುತ್ತಿರುತ್ತದೆ.