ನಿಲುಕದ ಗುಡ್ಡ

ಮರ್ಲಹಾಳಿನ ಪಡುವಲಿಗಿರುವ ಗುಡ್ಡವನ್ನು ಮೊದಲ ಸಲ ಕಂಡವರು ಅದರ ಹೆಸರು ಕೇಳಿ ನಗುತ್ತಾರೆ. ಆಡು ಮೇಯಿಸುವ ಮುದುಕಿಯರು ಬಾಯಲ್ಲಿನ ಎಲೆಯಡಿಕೆ ಮುಗಿಯುವುದರೊಳಗೆ ಹತ್ತಿ ಇಳಿಯುವಷ್ಟು ಗಿಡ್ಡ ಗುಡ್ಡ. ಹೆಸರು ನಿಲುಕದ ಗುಡ್ಡ. ತುದಿಯಲ್ಲಿ ನಿಂತರೆ ಕೆಳಗೆ ಒಣಹಳ್ಳ, ಅದರಾಚೆ ಹಳೆಯ ಬಂಡಿದಾರಿ ಕಾಣುತ್ತದೆ. ನಿಲುಕದೆ ಹೋದದ್ದು ಗುಡ್ಡವಲ್ಲ, ಅಲ್ಲಿಂದ ಹೊರಟ ಬಾಣಗಳು ಎನ್ನುತ್ತಾರೆ ಊರಿನ ಹಿರಿಯರು.

ಹಿಂದೆ ಪಾಳೆಯಗಾರರ ಕಾಲದಲ್ಲಿ ಇಲ್ಲಿ ಕಾಟಯ್ಯನೆಂಬವನು ಬಿಲ್ವಿದ್ಯೆ ಕಲಿಸುತ್ತಿದ್ದ. ಬಾಣ ಮುಟ್ಟಿಸುವ ಮೊದಲು ಬಿಲ್ಲು ಹಿಡಿಯುವುದನ್ನೇ ತಿಂಗಳುಗಟ್ಟಲೆ ಹೇಳಿಕೊಡುತ್ತಿದ್ದ. ಬಿಲ್ಲಿನ ಹಿಡಿ ಹೆಬ್ಬೆರಳ ಬುಡಕ್ಕೆ ಒತ್ತಿ ಕೂರಬೇಕು, ಬೆರಳುಗಳು ಬಿಗಿಯದೆ ಸುಮ್ಮನೆ ಸುತ್ತಿರಬೇಕು, ಮಣಿಕಟ್ಟು ಬಾಗಬಾರದು, ಬಿಲ್ಲು ಹಿಡಿದ ಎಡತೋಳು ನೆಟ್ಟಗೆ ಚಾಚಿರಬೇಕು. ಒಮ್ಮೆ ಹೆಜ್ಜೇನು ಇಳಿಸಲು ಹೋಗಿ ಅವನು ಬಂಡೆಯಿಂದ ಬಿದ್ದ. ಮುರಿದ ಎಡ ಮೊಳಕೈ ಬಾಗಿದಂತೆಯೇ ಕೂಡಿಕೊಂಡಿತು. ತೋಳು ಚಾಚದೆ ಹೆದೆಯನ್ನು ಪೂರ್ತಿ ಸೆಳೆಯಲಾಗದು, ಪೂರ್ತಿ ಸೆಳೆಯದೆ ಬಾಣ ದೂರ ಹೋಗದು. ಕಾಟಯ್ಯ ಯಾರಿಗೂ ಏನನ್ನೂ ಹೇಳದೆ ಗುರಿಯ ಹುಲ್ಲುಹೊರೆಯನ್ನು ನೂರು ಹೆಜ್ಜೆಯಿಂದ ಐವತ್ತಕ್ಕೆ ತಂದಿಟ್ಟ. ಪಾಠದಲ್ಲಿ ಉಳಿದುದನ್ನೆಲ್ಲ ಹೇಳಿದ. ತೋಳಿನ ಮಾತೊಂದನ್ನು ಬಿಟ್ಟ.

ಆಮೇಲೆ ಬಂದವರು ಅವನನ್ನು ನೋಡಿ ಕಲಿತರು. ಅವನ ಮೊಳಕೈ ಎಷ್ಟು ಬಾಗಿತ್ತೋ ಅವರದೂ ಅಷ್ಟೇ ಬಾಗಿತು. ಅವರು ಬಿಲ್ಲೆತ್ತಿದರೆ ಸಾಕು, ‘ಇವನು ಕಾಟಯ್ಯನ ಕೈಯವನು’ ಎಂದು ಸುತ್ತಲ ಊರಿನವರು ಗುರುತಿಸುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಕಾಟಯ್ಯನಿಗೆ ಹಿತವಾಗುತ್ತಿತ್ತು. ತಿದ್ದಬೇಕೆಂದು ಬೆಳಿಗ್ಗೆ ಮಾಡಿದ ಮನಸ್ಸು ಸಂಜೆಗೆ ಕರಗುತ್ತಿತ್ತು. ತಿದ್ದಬೇಕಾದರೆ ಊನ ತನ್ನದೆಂದು ಬಾಯಿಬಿಡಬೇಕಲ್ಲ.

ಸೋದರಳಿಯ ಬೋರಯ್ಯ ಮಾತ್ರ ಒಂದು ದಿನ ಕೇಳಿದ: “ಮಾವ, ತೋಳು ನೆಟ್ಟಗೆ ಮಾಡಿದ್ರೆ ಬಾಣ ಇನ್ನೂ ದೂರ ಹೋಗ್ತದೆ. ನಿನ್ನೆ ಬಿಟ್ಟು ನೋಡ್ದೆ.”

“ಗುರುವಿಗಿಂತ ನಿನ್ನ ಕೈ ಉದ್ದ ಆಯ್ತೇನ್ಲಾ ಬೋರ?” ಎಂದ ಜೊತೆಯವನೊಬ್ಬ. “ಹಂಗೇ ಇನ್ನೊಂಚೂರು ಚಾಚು, ಬೇಲಿ ಮೇಲೆ ಒಣಗಾಕಿರೋ ನಿನ್ನ ಹೆಂಡ್ತಿ ಸೀರೆ ಸಿಕ್ತದೆ!”

ಎಲ್ಲರೂ ನಕ್ಕರು. ಬೋರಯ್ಯ ನಗದೆ ಮಾವನ ಮುಖ ನೋಡಿದ. ಒಂದು ‘ಹೌದು’ ಸಾಕಿತ್ತು. ಕಾಟಯ್ಯ ತಲೆ ತಗ್ಗಿಸಿ ಹೆದೆಗೆ ಮೇಣ ಸವರುತ್ತ ಕುಳಿತ. ಬೋರಯ್ಯ ಮೊಳಕೈ ಬಾಗಿಸಿದ.

ಆ ವರ್ಷ ಸುಗ್ಗಿ ಮುಗಿಯುತ್ತಲೇ ಪರದಂಡೊಂದು ಬಂಡಿದಾರಿ ಹಿಡಿದು ಬಂತು. ಕಾಟಯ್ಯ ಊರಿನವರನ್ನೂ ದನಕರುಗಳನ್ನೂ ಕಾಡಿಗೆ ಸಾಗಿಸುವಷ್ಟು ಹೊತ್ತು ದಂಡನ್ನು ತಡೆಯಲು ಬೋರಯ್ಯನೂ ಸೇರಿ ಅವನ ಶಿಷ್ಯರು ಹನ್ನೊಂದು ಮಂದಿ ಗುಡ್ಡದ ಮೇಲೆ ನಿಂತರು. ದಾರಿ ನೂರು ಹೆಜ್ಜೆ ದೂರವಿತ್ತು. ಅವರು ಬಿಟ್ಟ ಬಾಣಗಳೆಲ್ಲ ಹಳ್ಳಕ್ಕೆ ಬಿದ್ದವು. ಅತ್ತ ಕಡೆಯವು ಗುಡ್ಡ ಮುಟ್ಟಿದವು. ದಂಡು ಗುಡ್ಡದತ್ತ ಬಾಣ ಬಿಡುತ್ತ ನಿಂತ ಹೊತ್ತಿನಲ್ಲಿ ಊರಿನವರು ಕಾಡು ಸೇರಿ ಉಳಿದರು, ಹನ್ನೊಂದು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ದಂಡು ಸರಿದ ಮೇಲೆ ಕಾಟಯ್ಯ ಹಳ್ಳಕ್ಕಿಳಿದು ಮರಳಲ್ಲಿ ನೆಟ್ಟಿದ್ದ ಬಾಣಗಳನ್ನು ಒಂದೊಂದಾಗಿ ಕಿತ್ತನಂತೆ.

ಮುಂದೆ ಗುಡ್ಡದ ಮೇಲೆ ಅವರ ವೀರಗಲ್ಲು ಕಡೆಯಲು ಕಲ್ಲುಕುಟಿಗ ಬಂದ. ಬೋರಯ್ಯನ ಕಲ್ಲಿನ ಮೇಲೆ ತನ್ನ ರೂಢಿಯಂತೆ ತೋಳನ್ನು ನೆಟ್ಟಗೆ ಗೀಚಿದ. ಬೋರಯ್ಯನ ಹೆಂಡತಿ ಮಾರಕ್ಕ ತಡೆದಳು.

“ತಪ್ಪು ಬರ್ದೆ ಕಣಪ್ಪ. ನನ್ನ ಗಂಡ ಕಾಟಯ್ಯನ ಕೈಯವನು. ಮೊಳಕೈ ಬಾಗಿಸು.”

ಪಕ್ಕದಲ್ಲೇ ನಿಂತಿದ್ದ ಕಾಟಯ್ಯನಿಗೆ ತಡೆಯಲಾಗಲಿಲ್ಲ. “ಬ್ಯಾಡ ಕಣವ್ವ,” ಎಂದ. “ಅದು ವಿದ್ಯೆ ಅಲ್ಲ, ನನ್ನ ಮುರಿದ ಮೂಳೆ. ಅವನು ಸರಿಯಾಗೇ ಕೇಳಿದ್ದ. ನಾನೇ ಬಾಯಿ ಬಿಡಲಿಲ್ಲ.”

ಮಾರಕ್ಕ ಅವನ ಬಾಗಿದ ತೋಳನ್ನು ನೋಡಿದಳು. ಆಮೇಲೆ ಕಲ್ಲುಕುಟಿಗನ ಕಡೆ ತಿರುಗಿ, “ಹಂಗಾರೆ ಬಾಗಿಸೇ ಕಡಿ. ಹನ್ನೊಂದೂ ಹಂಗೇ ಇರ್ಲಿ. ನಮ್ಮಾವ ನೋಡ್ಕೊಂಡಿರ್ಲಿ,” ಎಂದಳು. ಕಾಟಯ್ಯ ಬದುಕಿರುವವರೆಗೂ ದಿನಕ್ಕೊಮ್ಮೆ ಗುಡ್ಡ ಹತ್ತಿ ಅವುಗಳ ಮುಂದೆ ನಿಂತು ಬರುತ್ತಿದ್ದ ಎನ್ನುತ್ತಾರೆ.

ಹನ್ನೊಂದು ಕಲ್ಲುಗಳೂ ಈಗಲೂ ಅಲ್ಲಿವೆ. ಮುಖಗಳು ಸವೆದಿವೆ, ತೋಳುಗಳು ಮಾತ್ರ ಸ್ಪಷ್ಟವಾಗಿವೆ. ರಜೆಯ ದಿನ ಬರುವವರು ಅವುಗಳ ಪಕ್ಕ ಬಿಲ್ಲು ಹಿಡಿದವರಂತೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮೊದಲು ಎಡತೋಳನ್ನು ನೆಟ್ಟಗೆ ಚಾಚುತ್ತಾರೆ. ಆಮೇಲೆ ಕಲ್ಲಿನತ್ತ ಒಮ್ಮೆ ನೋಡಿ, ಮೊಳಕೈಯನ್ನು ಅಷ್ಟೇ ಬಾಗಿಸುತ್ತಾರೆ.